ಆರ್ಡರ್ ಪುಸ್ತಕದಲ್ಲಿ ಪಿಎಚ್‌ಡಿ ಇದೆಯಾ?

ಪ್ರಶ್ನೆ: ಮೇಡಂ, ಎಂ.ಕಾಂ. ಮುಗಿಸಿದ್ದೇನೆ. ಸಪ್ಲೈ ಚೈನ್, ಅಂದರೆ ಮಾಲು ಫ್ಯಾಕ್ಟರಿಯಿಂದ ಗಿರಾಕಿ ಕೈಗೆ ತಲುಪುವ ಸರಪಳಿ, ಅದರ ಬಗ್ಗೆ ಪಿಎಚ್‌ಡಿ ಮಾಡುವ ಆಸೆ. ನಮ್ಮ ಅಪ್ಪನದು ಹೋಲ್‌ಸೇಲ್ ಕಿರಾಣಿ ಅಂಗಡಿ. ‘ಲಾರಿ, ಗೋಡೌನ್ ವಿಷಯದಲ್ಲಿ ಸಂಶೋಧನೆ ಮಾಡೋಕೆ ಏನಿದೆ?’ ಎನ್ನುತ್ತಾರೆ. ಏನು ಹೇಳಲಿ?
– ಓದುಗ, ತಿಪಟೂರು

ಉತ್ತರ: 2020ರ ಏಪ್ರಿಲ್‌ನಲ್ಲಿ ನನ್ನ ತಮ್ಮನ ಮೆಡಿಕಲ್ ಶಾಪಿನಲ್ಲಿ ನಡೆದದ್ದನ್ನು ಅಪ್ಪನಿಗೆ ಹೇಳಿ. ಅವನಿಗೆ ವಾರಕ್ಕೆ ಐದು ಬಾಕ್ಸ್ ಸ್ಯಾನಿಟೈಸರ್ ಬೇಕಿತ್ತು. ಬಂದದ್ದು ಎರಡು. ಮುಂದಿನ ವಾರ ಹದಿನೈದು ಅಂತ ಬರೆದ. ‘ಅಕ್ಕಾ, ಹದಿನೈದು ಕೇಳಿದರೆ ಐದಾದರೂ ಬರುತ್ತೆ’ ಅಂದ. ಆ ಬೀದಿಯ ಅಂಗಡಿಗಳೆಲ್ಲ ಹಾಗೇ ಬರೆದಿದ್ದವು. ಮಳೆಗಾಲದ ಹೊತ್ತಿಗೆ ಕೇಳಿದ್ದೆಲ್ಲ ಒಟ್ಟಿಗೆ ಬಂತು. ಅಟ್ಟ ತುಂಬಿ, ಮೆಟ್ಟಿಲ ಕೆಳಗೂ ಬಾಕ್ಸ್ ಪೇರಿಸಿದ. ಕೊಳ್ಳುವವರೇ ಇಲ್ಲ.

ಇದಕ್ಕೆ ಬುಲ್‌ವಿಪ್ ಎಫೆಕ್ಟ್ ಎಂದು ಹೆಸರು. ಬಾರುಕೋಲಿನ ಹಿಡಿ ಸ್ವಲ್ಪ ಅಲ್ಲಾಡಿದರೂ ತುದಿ ಜೋರಾಗಿ ಬೀಸುತ್ತದಲ್ವಾ, ಹಾಗೆ. ಗಿರಾಕಿ ಹತ್ತಿರದ ಸಣ್ಣ ಏರಿಳಿತ ಫ್ಯಾಕ್ಟರಿ ತಲುಪುವಾಗ ದೊಡ್ಡದಾಗಿರುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಇದನ್ನು ಡೈಪರ್‌ನಲ್ಲಿ ಕಂಡಿತು. ಮಗು ದಿನಾ ಬಳಸುವ ಡೈಪರ್ ಹೆಚ್ಚುಕಮ್ಮಿ ಅಷ್ಟೇ. ಆದರೆ ಆರ್ಡರ್ ಮಾತ್ರ ಒಂದೇ ಸಮನೆ ಏರಿ ಇಳಿಯುತ್ತಿತ್ತು.

ಹೌ ಲೀ, ಪದ್ಮನಾಭನ್, ವಾಂಗ್ ಎಂಬ ಮೂವರು ಸಂಶೋಧಕರು 1997ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು. ನಿಮ್ಮ ಅಪ್ಪನಿಗೆ ನಾಲ್ಕೂ ಗೊತ್ತು. ಕಂಪನಿ ರಿಯಾಯಿತಿ ಸ್ಕೀಮ್ ಕೊಟ್ಟಾಗ ಎರಡು ತಿಂಗಳ ಮಾಲು ತುಂಬಿಸಿಕೊಳ್ಳುವುದು ಒಂದು. ಫುಲ್ ಲೋಡ್ ಆಗಲಿ ಅಂತ ಕಾದು ಆರ್ಡರ್ ಹಾಕುವುದು ಇನ್ನೊಂದು. ಒಂದು ವಾರ ಚೆನ್ನಾಗಿ ಹೋಯಿತೆಂದು ಮುಂದಕ್ಕೂ ಹಾಗೇ ಹೋಗುತ್ತದೆ ಅಂತ ಜಾಸ್ತಿ ತರಿಸುವುದು ಮತ್ತೊಂದು. ನಾಲ್ಕನೆಯದು ನನ್ನ ತಮ್ಮ ಮಾಡಿದ್ದು.

ನಾನು ಕ್ಲಾಸಿನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಬಿಯರ್ ಗೇಮ್’ ಆಡಿಸುತ್ತೇನೆ, ಬಿಯರ್ ಬದಲು ಬೆಂಕಿಪೊಟ್ಟಣ ಇಟ್ಟು. ಅಂಗಡಿ, ಹೋಲ್‌ಸೇಲ್, ಡಿಸ್ಟ್ರಿಬ್ಯೂಟರ್, ಫ್ಯಾಕ್ಟರಿ, ನಾಲ್ಕು ಜನ. ಚೀಟಿಯಲ್ಲೇ ಆರ್ಡರ್, ಮಾತಾಡುವಂತಿಲ್ಲ. ಗಿರಾಕಿ ಮೊದಲು ವಾರಕ್ಕೆ 4 ಕೇಳುತ್ತಾನೆ. ಆಮೇಲೆ 8, ಕೊನೆವರೆಗೂ 8. ಅಷ್ಟಕ್ಕೇ ಫ್ಯಾಕ್ಟರಿ ಮೇಜಿನ ಹುಡುಗ ಒಮ್ಮೆ ಖಾಲಿ ಕೈಯಲ್ಲಿ ಕೂತರೆ ಇನ್ನೊಮ್ಮೆ ಪೊಟ್ಟಣಗಳ ರಾಶಿ ಮುಂದೆ ಕೂತಿರುತ್ತಾನೆ. ಆಟ ಮುಗಿದ ಮೇಲೆ ‘ಗಿರಾಕಿ ಮನಸ್ಸು ನಿಲ್ಲಲಿಲ್ಲ ಮೇಡಂ’ ಎನ್ನುತ್ತಾರೆ. ಗಿರಾಕಿಯ ಚೀಟಿಗಳನ್ನು ತೆಗೆದು ತೋರಿಸಿದಾಗ ಕ್ಲಾಸು ಗಪ್‌ಚುಪ್. ಆ ಹೊತ್ತು ನನಗೆ ತುಂಬಾ ಇಷ್ಟ.

ಗೈಡ್ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಅಪ್ಪನ ಅಂಗಡಿಯ ಒಂದೇ ಸಾಮಾನು ಹಿಡಿಯಿರಿ, ಅಡುಗೆ ಎಣ್ಣೆ ಅನ್ನಿ. ವರ್ಷದ 52 ವಾರಕ್ಕೂ ಎರಡು ಕಾಲಂ ಹಾಕಿ: ಎಷ್ಟು ಮಾರಿದ್ದು, ಎಷ್ಟು ಆರ್ಡರ್ ಹಾಕಿದ್ದು. ಯಾವುದರ ಏರಿಳಿತ ಜಾಸ್ತಿ, ಎಷ್ಟು ಪಟ್ಟು ಜಾಸ್ತಿ ನೋಡಿ. ಸ್ಕೀಮ್ ಇದ್ದ ವಾರಕ್ಕೆ ಗುರುತು ಹಾಕಿ. ಇನ್ನು ಮುಂದೆ ಮೂರನೇ ಕಾಲಂ ಕೂಡ ಇಡಿ. ಮಾಲು ಇಲ್ಲದೆ ಗಿರಾಕಿ ಬರಿಗೈಲಿ ಹೋದರೆ ಅದು ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಅದನ್ನು ಅಪ್ಪನೇ ಬರೆದಿಡಬೇಕು. ಕೇಳಿ ನೋಡಿ, ಬರೆದಿಡುತ್ತಾರೆ.