ಬಗ್ಗುವುದನ್ನು ಬಿಡಿ, ಕೆಲಸವನ್ನಲ್ಲ

ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ಜಯಮ್ಮ ಎನ್ನೋಣ. ವಯಸ್ಸು 66, ಹಾಸನದ ಕಡೆಯವರು, ಈಗ ಮಗ ಸೊಸೆಯ ಜತೆ ಪಟ್ಟಣದಲ್ಲಿ ವಾಸ. ಮೂಳೆ ಡಾಕ್ಟರು ನನ್ನ ಬಳಿ ಕಳಿಸಿದ ಚೀಟಿಯಲ್ಲಿ ಇದ್ದದ್ದು ಇಷ್ಟು: ಮುರಿತ ಕೂಡಿದೆ, ನೋವು ಹೋಗುತ್ತಿಲ್ಲ, ಹಾಸಿಗೆ ಬಿಟ್ಟು ಏಳುತ್ತಿಲ್ಲ, ಮಾತಾಡಿ ನೋಡಿ.

ಒದ್ದೆ ಬಟ್ಟೆಯ ಬಕೆಟ್ ಎತ್ತುವಾಗ ಜಯಮ್ಮನ ಬೆನ್ನಲ್ಲಿ ‘ಕಟಕ್’ ಅಂದಿತ್ತು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಸೊಂಟ ಹಿಡಿದುಕೊಂಡಿದೆ ಎಂದು ಮುಲಾಮು ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು ದಿನ ತಳ್ಳಿದರು. ಕೊನೆಗೆ ಎಕ್ಸ್‌ರೇ ತೆಗೆಸಿದಾಗ ಎಲ್-1 ಎಂದು ಡಾಕ್ಟರು ಕರೆಯುವ ಬೆನ್ನುಮೂಳೆ ಮುಂಭಾಗದಲ್ಲಿ ಕುಸಿದಿದ್ದು ಕಂಡಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಅದರ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 3.2 ಬಂತು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ.

ಮೊದಲ ಭೇಟಿಯಲ್ಲಿ ಮಾತೆಲ್ಲ ಮಗನದೇ. “ಅಮ್ಮಂಗೆ ಒಂದು ಲೋಟನೂ ಎತ್ತಕ್ಕೆ ಬಿಟ್ಟಿಲ್ಲ ಮೇಡಂ. ಊಟ, ಕಾಫಿ ಎಲ್ಲಾ ಮಂಚದ ಹತ್ರಕ್ಕೇ ಕೊಡ್ತೀವಿ.” ಅವರ ಪ್ರೀತಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಗ, ಸೊಸೆ ಸ್ವಲ್ಪ ಹೊತ್ತು ಹೊರಗೆ ಕೂರಲಿ ಎಂದು ಕೇಳಿಕೊಂಡೆ.

ಬಾಗಿಲು ಮುಚ್ಚಿದ ಮೇಲೆ ಜಯಮ್ಮ ಬಾಯಿಬಿಟ್ಟರು. “ದಿನಾ ರಾಗಿಮುದ್ದೆ ತಿಂದೋಳು ಕಣಮ್ಮ ನಾನು. ನನ್ ಮೂಳೆ ಹೆಂಗೆ ಟೊಳ್ಳಾಯ್ತು? ಈಗ ಬೆನ್ನು ಚುಳ್ ಅಂದ್ರೆ ಸಾಕು, ಇನ್ನೊಂದು ಮುರೀತು ಅಂತ ಎದೆ ಧಸಕ್ ಅನ್ನುತ್ತೆ. ಮನೇಲಿ ಕೂತ್ಕೊಳಿ ಅಂತಾರೆ. ಕೂತು ಏನ್ ಮಾಡ್ಲಿ?”

ಬದುಕು ಸಾಕು ಅನ್ನಿಸುತ್ತದೆಯೇ, ಏನಾದರೂ ಮಾಡಿಕೊಳ್ಳುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ತಿಂಗಳುಗಟ್ಟಲೆ ನೋವು ಅನುಭವಿಸಿದವರನ್ನು ಈ ಪ್ರಶ್ನೆ ಕೇಳದೆ ಕಳಿಸಬಾರದು. “ದೇವರು ಕರ್ಕೊಂಡ್ರೆ ಸಾಕು ಅನ್ಸುತ್ತೆ. ನಾನಾಗಿ ಏನೂ ಮಾಡ್ಕಳಲ್ಲ” ಎಂದರು. ನಿದ್ದೆ ಸರಿಯಿರಲಿಲ್ಲ, ಊಟ ಸೇರುತ್ತಿರಲಿಲ್ಲ. ಈ ಮಾತು ಮುಂದೆ ಬೇರೆ ರೂಪ ತಾಳಿದರೆ ತಡಮಾಡದೆ ತಿಳಿಸಬೇಕೆಂದು ಅವರಿಗೆ ಹೇಳಿದೆ. ಅವರ ಒಪ್ಪಿಗೆ ಪಡೆದು ಸೊಸೆಗೂ ತಿಳಿಸಿದೆ.

ರಾಗಿಯ ಪ್ರಶ್ನೆಗೆ ಉತ್ತರ ಅವರ ಹಳೆಯ ಕಾಗದಗಳಲ್ಲಿತ್ತು. ಜಯಮ್ಮನಿಗೆ 38 ವರ್ಷವಾಗಿದ್ದಾಗ ಅತಿ ರಕ್ತಸ್ರಾವಕ್ಕೆಂದು ಗರ್ಭಕೋಶದ ಜತೆ ಎರಡೂ ಅಂಡಾಶಯಗಳನ್ನು ತೆಗೆದಿದ್ದರು. ಮೂಳೆ ಕರಗುವ ವೇಗಕ್ಕೆ ತಡೆಹಾಕುವುದು ಅಂಡಾಶಯಗಳಲ್ಲಿ ತಯಾರಾಗುವ ಈಸ್ಟ್ರೊಜೆನ್ ಎಂಬ ಹಾರ್ಮೋನು. ಅದು ಅಷ್ಟು ಬೇಗ ನಿಂತುಹೋದರೆ ತಟ್ಟೆಯಲ್ಲಿನ ರಾಗಿಯೊಂದೇ ಮೂಳೆಯನ್ನು ಕಾಯಲಾರದು. ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಈ ಆಪರೇಷನ್ ಮಾಡಿಸಿಕೊಂಡಿದ್ದಾರೆ, ಮುಂದೆ ಮೂಳೆ ನೋಡಿಕೊಳ್ಳಬೇಕು ಎಂದು ಅವರಿಗೆ ಹೇಳಿದವರು ಬಹಳ ಕಡಿಮೆ. ನನಗೆ ಇದು ಸಿಟ್ಟು ತರಿಸುವ ಸಂಗತಿ. “ನಿಮ್ಮ ತಪ್ಪಲ್ಲಮ್ಮ ಇದು” ಎಂದಾಗ ಜಯಮ್ಮ ಬಹಳ ಹೊತ್ತು ಅತ್ತರು.

ಮುಂದಿನ ಭೇಟಿಗೆ ಡಾಕ್ಟರನ್ನೂ ಕೂರಿಸಿಕೊಂಡೆ. ಹೊಸ ಎಕ್ಸ್‌ರೇಯಲ್ಲಿ ಹೊಸ ಮುರಿತವಿಲ್ಲ ಎಂದು ಹೇಳಬೇಕಾದವರು ಅವರು, ನಾನಲ್ಲ. ಅವರು ವಿವರಿಸಿದ್ದು ಹೀಗೆ: ಮೂಳೆ ಟೊಳ್ಳಾಗುವುದು ತಾನಾಗಿ ನೋಯುವುದಿಲ್ಲ, ನೋಯುವುದು ಮುರಿತ. ಆ ನೋವು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರಗಳಲ್ಲಿ ತಗ್ಗುತ್ತದೆ. ಆಮೇಲೂ ಉಳಿಯುವ ಸೊಂಟ ನೋವು ಬಹುಪಾಲು ಸ್ನಾಯುಗಳದು. ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿರುವುದರಿಂದ ಅವು ದಿನವಿಡೀ ಎಳೆದುಕೊಂಡೇ ಇರುತ್ತವೆ. ಮಲಗಿಯೇ ಇದ್ದರೆ ಸ್ನಾಯು ಸೊರಗುತ್ತದೆ, ಮೂಳೆ ಇನ್ನಷ್ಟು ತೆಳುವಾಗುತ್ತದೆ. ಅಂದರೆ ಮಗ ಕಾಪಾಡಲೆಂದು ಮಾಡುತ್ತಿದ್ದುದೇ ತಾಯಿಗೆ ಮುಳುವಾಗುತ್ತಿತ್ತು. ಇದನ್ನು ಅವನಿಗೆ ಮೆಲ್ಲಗೆ ಹೇಳಬೇಕಾಯಿತು.

ಮಾತ್ರೆಯ ವಿಚಾರವೂ ಆಗಲೇ ಹೊರಬಂತು. ಮೂಳೆ ಕರಗುವುದನ್ನು ತಡೆಯಲು ವಾರಕ್ಕೊಮ್ಮೆ ನುಂಗುವ 70 ಮಿ.ಗ್ರಾಂ. ಅಲೆಂಡ್ರೊನೇಟ್ ಮಾತ್ರೆಯನ್ನು ಜಯಮ್ಮ ಎದೆ ಉರಿಯೆಂದು ಬಿಟ್ಟುಬಿಟ್ಟಿದ್ದರು. ಕೇಳಿದರೆ, ಕಾಫಿಯ ಜತೆ ನುಂಗಿ ಮತ್ತೆ ಮಲಗುತ್ತಿದ್ದರಂತೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನ ಜತೆ ನುಂಗಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು, ಏನನ್ನೂ ತಿನ್ನಬಾರದು, ಕಾಫಿಯೂ ಬೇಡ. ಸೋಮವಾರದ ಕಾಫಿ ತಡ ಎಂದು ಸೊಸೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರು. ಹೀಗೂ ಒಗ್ಗದಿದ್ದರೆ ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಔಷಧಿಯಿದೆ ಎಂದರು ಡಾಕ್ಟರು. ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ ಕಿಡ್ನಿಗೂ ಹೊಟ್ಟೆಗೂ ಕೆಡುಕೆಂದು ನಿಲ್ಲಿಸಿ, ಪ್ಯಾರಾಸಿಟಮಾಲ್ ಎಷ್ಟು ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟರು.

ನಿಜವಾದ ಕೆಲಸ ಇದ್ದದ್ದು ಮನೆಯಲ್ಲಿ. ಜಯಮ್ಮ ಹಿಂದೆ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಹೇಳಿಸಿ ಬರೆದುಕೊಂಡೆ, ಫಿಸಿಯೋಥೆರಪಿಸ್ಟ್ ಜತೆ ಒಂದೊಂದನ್ನೂ ನೋಡಿದೆವು. ಕೇಳಿದ್ದು ಒಂದೇ ಪ್ರಶ್ನೆ: ಇದರಲ್ಲಿ ಬೆನ್ನು ಮುಂದಕ್ಕೆ ಬಗ್ಗುತ್ತದೆಯೇ, ತಿರುಚುತ್ತದೆಯೇ? ಬಿಡಬೇಕಾದದ್ದು ಬಗ್ಗುವುದನ್ನು, ಕೆಲಸವನ್ನಲ್ಲ. ಮುದ್ದೆಗೆ ಹಿಟ್ಟು ತೊಳಸುವುದು ಇನ್ನು ಸೊಸೆಯ ಪಾಲು. ಕಟ್ಟೆಯ ಮುಂದೆ ನೆಟ್ಟಗೆ ನಿಂತು ಮುದ್ದೆ ಕಟ್ಟುವುದು ಅತ್ತೆಯ ಪಾಲು. ಅವರೆಕಾಯಿ ಸುಲಿಯುವುದು ನೆಲದ ಮೇಲಲ್ಲ, ಮೇಜಿನ ಮುಂದೆ ಕುರ್ಚಿಯಲ್ಲಿ, ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟುಕೊಂಡು. ಕಸ ಗುಡಿಸಲು ಉದ್ದ ಹಿಡಿಯ ಪೊರಕೆ. ನೀರು ತುಂಬಿದ ಬಕೆಟ್ ಮುಟ್ಟುವ ಹಾಗಿಲ್ಲ. ರಂಗೋಲಿಯ ವಿಷಯಕ್ಕೆ ಜಯಮ್ಮ ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಮೊಮ್ಮಗಳು ಎಳೆ ಎಳೆಯಲಿ, ಚುಕ್ಕಿ ಲೆಕ್ಕ ಅಜ್ಜಿ ಹೇಳಲಿ ಎಂದಾಯಿತು.

ಟೀವಿ ನೋಡಿ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನ ಮಾಡುವ ಆಸೆಯೂ ಅವರಿಗಿತ್ತು. ಅದು ಬೇಡ ಎಂದು ಖಡಾಖಂಡಿತವಾಗಿ ಹೇಳಿದೆವು. 1984ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನವರು ಇಂಥದೇ ತೊಂದರೆಯಿದ್ದ 59 ಹೆಂಗಸರ ವಿವರ ಪ್ರಕಟಿಸಿದ್ದರು. ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ. 89 ಮಂದಿಗೆ ಬೆನ್ನುಮೂಳೆಯ ಕುಸಿತ ಹೆಚ್ಚಾಗಿತ್ತು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ. 16 ಮಂದಿಗೆ ಮಾತ್ರ. ಅಧ್ಯಯನ ಸಣ್ಣದು, ಆದರೂ ಈ ಎಚ್ಚರಿಕೆಯನ್ನು ಇಂದಿಗೂ ಪಾಲಿಸುತ್ತಾರೆ. ಪಾದಹಸ್ತಾಸನ, ಹಲಾಸನಗಳಿಗೂ ಇದೇ ಮಾತು. ಜಯಮ್ಮನಿಗೆ ಕೊಟ್ಟದ್ದು ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಲ್ಲುವುದು, ಭುಜದ ಹಲಗೆಗಳನ್ನು ಹಿಂದಕ್ಕೆ ಸೇರಿಸುವುದು, ದಿನಾ ಒಂದಿಷ್ಟು ನಡಿಗೆ. ಮಂಚದಿಂದ ಏಳುವಾಗ ಮೊದಲು ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈ ಊರಿ ಏಳಬೇಕು. ಸೀನು ಬಂದರೆ ಗೋಡೆಯನ್ನೋ ಮೇಜನ್ನೋ ಹಿಡಿದು ನೆಟ್ಟಗಿರಬೇಕು.

ನೋವು ಬರುವ ಮೊದಲೇ ವಿಶ್ರಾಂತಿ ಎಂಬುದು ಅವರಿಗೆ ರೂಢಿಯಾಗಲು ಹೊತ್ತು ಹಿಡಿಯಿತು. ಚೆನ್ನಾಗಿದ್ದ ದಿನ ಮೈಮುರಿದು ದುಡಿದು ಮರುದಿನ ಮಲಗಿಬಿಡುತ್ತಿದ್ದರು. ನೋವಿರಲಿ ಬಿಡಲಿ, ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಅಂಗಾತ ಮಲಗುವುದು ಎಂದು ಗಡಿಯಾರಕ್ಕೆ ಕಟ್ಟುಹಾಕಿದೆವು.

ಊಟಕ್ಕೆ ಹೆಚ್ಚು ಹೇಳಬೇಕಾಗಲಿಲ್ಲ. ಋತುಬಂಧದ ನಂತರ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಸಿಗುತ್ತದೆ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು ಸೇರಲಿ ಎಂದೆವು. ವಿಟಮಿನ್ ಡಿ ಸ್ಯಾಷೆ ಡಾಕ್ಟರು ಹೇಳಿದಷ್ಟು ವಾರ ಮಾತ್ರ, ತಾವಾಗಿ ಮುಂದುವರಿಸಿದರೆ ವಿಷವಾಗಬಹುದು.

ಮಗನಿಗೆ ಬೇರೆಯೇ ಕೆಲಸ ಕೊಟ್ಟೆ. ಬಚ್ಚಲಲ್ಲಿ ಹಿಡಿಕಂಬಿ ಹಾಕಿಸಿ, ಜಾರುವ ಕಾಲೊರಸು ತೆಗೆಸಿ, ರಾತ್ರಿ ಸಣ್ಣ ದೀಪ ಉರಿಯುವಂತೆ ನೋಡಿಕೊಳ್ಳಬೇಕು. ಹಠಾತ್ತನೆ ಹೊಸ ನೋವು ಬಂದರೆ ಕೂಡಲೇ ಡಾಕ್ಟರಿಗೆ ತೋರಿಸಬೇಕು. ಕಾಲು ಸೋತರೆ, ತೊಡೆಸಂದಿ ಜೋಮು ಹಿಡಿದರೆ, ಒಂದ ಎರಡರ ಹತೋಟಿ ತಪ್ಪಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಬೇಕು. “ಕೂತ್ಕೊಳಮ್ಮ” ಎನ್ನುವ ಬದಲು “ಏನ್ ಮಾಡ್ತಿದ್ದೀಯಮ್ಮ?” ಎಂದು ಕೇಳಿ ಎಂದೂ ಹೇಳಿದೆ.

ಸಂಜೆಯ ನೋವು ಇನ್ನೂ ಇದೆ, ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಟ್ಟಿಲ್ಲ. ನಿದ್ದೆ ಸುಧಾರಿಸಿದೆ. ಕಳೆದ ಭೇಟಿಯಲ್ಲಿ ಅವರೇ ಕೇಳಿದರು: ಗೌರಿ ಹಬ್ಬಕ್ಕೆ ಮಗಳ ಮನೆಗೆ ಬಸ್ಸಿನಲ್ಲಿ ಹೋಗಬಹುದಾ? ಡಾಕ್ಟರನ್ನು ವಿಚಾರಿಸಿ ಹೇಳಿದೆ: ಹೋಗಿ. ಹಿಂದಿನ ಸೀಟಿನಲ್ಲಿ ಮಾತ್ರ ಕೂರಬೇಡಿ, ಹಂಪಿನ ಏಟೆಲ್ಲ ಬೆನ್ನಿಗೇ ಬೀಳುತ್ತದೆ. ಮುಂದಿನ ಸಾಲಿನಲ್ಲಿ ಜಾಗ ಸಿಗುವ ಬಸ್ಸಿಗೇ ಕಾಯಿರಿ, ಬ್ಯಾಗನ್ನು ಮಗ ಹಿಡಿದುಕೊಳ್ಳಲಿ, ನಡುದಾರಿಯಲ್ಲಿ ಬಸ್ ನಿಂತಾಗ ಇಳಿದು ನಾಲ್ಕು ಹೆಜ್ಜೆ ನಡೆಯಿರಿ.