ಬೀಪ್ ಸದ್ದಿನ ಪಕ್ಕ ಕೂತವರು

ಪತ್ರ: ಯುರೋಪಿನ ಲಿಥುವೇನಿಯಾ ದೇಶದ ಪ್ರದರ್ಶನ ಕಲೆಯ ಬಗ್ಗೆ ನೀವು ಹಾಕಿದ್ದ ಲೇಖನ ಓದಿದೆ. ತಂತ್ರಜ್ಞಾನ, ಮನಸ್ಸಿನ ನೆಮ್ಮದಿ ಎಂದೆಲ್ಲ ಬರೆದಿದ್ದೀರಿ. ನೋಡಿದರೆ ಅಂಗಡಿಯ ಹೆಂಗಸರು ಸಾಲಾಗಿ ಕೂತು ಹಾಡುತ್ತಾರೆ, ಅಷ್ಟೇ. ಇದರಲ್ಲಿ ತಂತ್ರಜ್ಞಾನ ಎಲ್ಲಿದೆ? ಮನಸ್ಸು ಸರಿಯಿಲ್ಲದವರು ಡಾಕ್ಟರ ಹತ್ತಿರ ಹೋಗಲಿ. ಕಲೆಗೆ ಈ ಉಸಾಬರಿ ಯಾಕೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಮೇಷ್ಟ್ರೇ, ಕಾಯಿಲೆಗೆ ಡಾಕ್ಟರೇ ಬೇಕು, ಒಪ್ಪಿದೆ. ಆದರೆ ‘ಅಷ್ಟೇ’ ಅಂದುಬಿಟ್ಟಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ನೀವು ಹೇಳುತ್ತಿರುವುದು ‘ಗೆರೋಸ್ ದಿಯೆನೋಸ್!’ ಎಂಬ 2013ರ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ‘ಒಳ್ಳೆಯ ದಿನವಾಗಲಿ’ ಅಂತ ಅರ್ಥ. ವೈವಾ ಗ್ರೈನೀತೆ ಬರೆದರು, ಲೀನಾ ಲಾಪೆಲೀತೆ ಸಂಗೀತ ಕೊಟ್ಟರು, ರುಗಿಲೆ ಬಾರ್ಜ್‌ಜ್ಯುಕೈತೆ ನಿರ್ದೇಶಿಸಿದರು. ಹತ್ತು ಜನ ಕ್ಯಾಶಿಯರ್‌ಗಳು, ಸೂಪರ್ ಮಾರ್ಕೆಟ್ಟಿನ ಸದ್ದುಗಳು, ಒಂದು ಪಿಯಾನೊ. ತಂತ್ರಜ್ಞಾನ ಎಲ್ಲಿದೆ ಅಂತ ಕೇಳಿದಿರಿ. ಬಾರ್‌ಕೋಡ್ ಓದುವ ಯಂತ್ರದ ಆ ‘ಬೀಪ್’ನಲ್ಲಿದೆ. ಹಾಲು ಬಂದರೂ ಬೀಪ್, ಸೋಪು ಬಂದರೂ ಬೀಪ್. ಅದರ ಜೊತೆಗೇ ಬಾಯಲ್ಲಿ ನಮಸ್ಕಾರ, ಥ್ಯಾಂಕ್ಸ್, ಒಳ್ಳೆಯ ದಿನವಾಗಲಿ. ಮುಖದ ಮೇಲೆ ನಗು ಇರಲೇಬೇಕು. ಆ ನಗುವಿನ ಹಿಂದೆ ಏನಿದೆ ಅನ್ನುವುದೇ ಹಾಡು. ಕಲೆಯ ಇತಿಹಾಸ ಓದಿಕೊಂಡು, ತಕ್ಕ ಕೆಲಸ ಸಿಗದೆ ಗಲ್ಲಾ ಮುಂದೆ ಕೂತವಳೂ ಅಲ್ಲಿದ್ದಾಳೆ. ಅವಳಿಗೆ ಯಾವ ಡಾಕ್ಟರು ಏನು ಬರೆದುಕೊಡಬೇಕು, ಹೇಳಿ?

ಹಾಡುವುದು ಆ ನಾಡಿಗೆ ಸಣ್ಣ ವಿಷಯವಲ್ಲ. 1924ರಿಂದ ಅಲ್ಲಿ ಸಾವಿರಾರು ಜನ ಒಟ್ಟಿಗೆ ನಿಂತು ಹಾಡುವ ಉತ್ಸವಗಳಿವೆ. 1980ರ ದಶಕದ ಕೊನೆಯಲ್ಲಿ ಸೋವಿಯತ್ ಆಳ್ವಿಕೆಯ ಎದುರೂ ಜನ ಹಾಡಿಕೊಂಡೇ ನಿಂತರು. ಸ್ವಾತಂತ್ರ್ಯ ಬಂತು, ಅದರ ಹಿಂದೆಯೇ ಸೂಪರ್ ಮಾರ್ಕೆಟ್ಟೂ ಬಂತು. ಕೆಲಸ ಹುಡುಕಿ ಊರು ಬಿಟ್ಟವರು ಎಷ್ಟು ಮಂದಿ! ಸುಮಾರು 37 ಲಕ್ಷ ಇದ್ದ ಜನಸಂಖ್ಯೆ 30 ಲಕ್ಷಕ್ಕಿಂತ ಕೆಳಗಿಳಿಯಿತು. ಹಾಡುವ ಜನ ಇದನ್ನೂ ಹಾಡಬೇಕಲ್ವಾ?

‘ಗೆರೋಸ್ ದಿಯೆನೋಸ್!’ ಮಾಡಿದ ಇದೇ ಮೂವರ ಇನ್ನೊಂದು ಒಪೆರಾ ‘ಸನ್ ಆ್ಯಂಡ್ ಸೀ’, ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಯಲ್ಲಿ 2019ರಲ್ಲಿ ‘ಗೋಲ್ಡನ್ ಲಯನ್’ ಪ್ರಶಸ್ತಿ ಗೆದ್ದಿತು. ಕಟ್ಟಡದೊಳಗೆ ಮರಳು ಸುರಿದು ಮಾಡಿದ ಕಡಲತೀರ. ನಾವು ಮೇಲಿನ ಬಾಲ್ಕನಿಯಿಂದ ನೋಡಬೇಕು. ಕೆಳಗೆ ಟವೆಲ್ ಹಾಸಿಕೊಂಡು ಮಲಗಿದವರು ಮಲಗಿದಲ್ಲೇ ಹಾಡುತ್ತಾರೆ. ಕೆಲಸ ಕಡಿಮೆ ಮಾಡಿದರೆ ಜೊತೆಯವರು ಕೀಳಾಗಿ ನೋಡುತ್ತಾರೆ ಅಂತ ಒಬ್ಬನ ಸಂಕಟ. ರಜೆಯಲ್ಲೂ ಅವನಿಗೆ ಬಿಡುವಿಲ್ಲ. ಅಕ್ಕತಂಗಿಯರಿಬ್ಬರು ಹಾಡುವುದು ಸಾವಿನ ಭಯವನ್ನು. ಹವಳಗಳೂ ಇಲ್ಲವಾಗುತ್ತವೆ ಅಂತ ತಿಳಿದು ಅತ್ತವರು, ಅಮ್ಮ ಆನ್ ಮಾಡಿಟ್ಟುಹೋದ ತ್ರೀಡಿ ಪ್ರಿಂಟರ್ ತಮ್ಮನ್ನೇ ಅಚ್ಚು ಹಾಕುವುದನ್ನು ಕಾಣುತ್ತಾರೆ. ಸತ್ತ ಮೇಲೂ ಉಳಿಯುತ್ತೇನೆ, ಆದರೆ ಹಕ್ಕಿಯೂ ಇಲ್ಲದ ಭೂಮಿಯಲ್ಲಿ ಅಂತ ಅವರ ಹಾಡು! ಮಕ್ಕಳ ಎದೆಯಲ್ಲಿ ಇಂಥ ಭಯ ಕೂತಿರುವುದನ್ನು ನೀವು ತರಗತಿಯಲ್ಲಿ ನೋಡಿಯೇ ಇರುತ್ತೀರಿ. ಅಷ್ಟು ವರ್ಷ ಪಾಠ ಮಾಡಿದವರ ಕಣ್ಣಿಗೆ ಅದು ತಪ್ಪುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ತಂತ್ರಜ್ಞಾನ ಅಂದ ಕೂಡಲೇ ರಂಗದ ಮೇಲೆ ರೋಬೊ ಬರಬೇಕು, ಲೇಸರ್ ಮಿನುಗಬೇಕು ಅಂತ ವಿಮರ್ಶಕರೂ ಕಾಯುತ್ತಾರೆ. ಯಂತ್ರದ ಪಕ್ಕ ದಿನವಿಡೀ ಕೂತವರ ಮುಖ ಯಾರಿಗೂ ಬೇಡ. ಕಂಪನಿಗಳಂತೂ ಕೆಲಸದ ಹೊತ್ತು ಇಳಿಸುವುದಿಲ್ಲ, ಬದಲಿಗೆ ಧ್ಯಾನದ ಆ್ಯಪ್ ಕೊಡುತ್ತವೆ. ಉಸಿರು ಒಳಗೆ, ಉಸಿರು ಹೊರಗೆ, ಮತ್ತೆ ಸೀಟಿಗೆ. ನೆಮ್ಮದಿಯೂ ನೌಕರನೇ ಬಿಡುವಿನಲ್ಲಿ ಮಾಡಿ ಮುಗಿಸಬೇಕಾದ ಇನ್ನೊಂದು ಕೆಲಸವಾಯಿತು. ಪತ್ರಿಕೆಗಳೂ ಅದಕ್ಕೇ ‘ಒತ್ತಡಕ್ಕೆ ಐದು ಸೂತ್ರ’ ಅಂತ ತಾಳ ಹಾಕುತ್ತವೆ.

‘ಸನ್ ಆ್ಯಂಡ್ ಸೀ’ ಹಾಡುಗಳ ರೆಕಾರ್ಡ್ ಬಂದಿದೆ. ಸುಮ್ನೆ ಒಮ್ಮೆ ಕೇಳಿ, ಮೇಷ್ಟ್ರೇ. ಆಮೇಲೂ ‘ಅಷ್ಟೇ’ ಅನ್ನಿಸಿದರೆ ಬೈದು ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇನೆ.
– ಸಂಪಾದಕ