ವಿನೆಗರ್ ಪರೀಕ್ಷೆಯನ್ನು ನಂಬಬಹುದೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಕರೆದರೆ ನಮ್ಮ ತಾಂಡಾದ ಹೆಂಗಸರು, ‘ವಿನೆಗರ್ ಹಚ್ಚಿದರೆ ಕ್ಯಾನ್ಸರ್ ಗೊತ್ತಾಗ್ತದೇನು?’ ಎಂದು ಕೇಳುತ್ತಾರೆ. ಏನು ಹೇಳಲಿ? (ಆಳಂದ ತಾಲ್ಲೂಕು)

ಉತ್ತರ: ಇದರಿಂದ ಗೊತ್ತಾಗುವುದು ಹೆಚ್ಚಾಗಿ ಕ್ಯಾನ್ಸರಿಗೆ ಮುಂಚಿನ ಹಂತ ಎಂದು ಹೇಳಿ. ಆ ಹಂತದಲ್ಲಿ ನೋವಿಲ್ಲ, ರಕ್ತಸ್ರಾವವಿಲ್ಲ, ಚಿಕಿತ್ಸೆಯೂ ಸಣ್ಣದು.

ಪರೀಕ್ಷೆಯಲ್ಲಿ ಗರ್ಭಕಂಠಕ್ಕೆ ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲದ (ವಿನೆಗರಿಗೆ ಹುಳಿ ಕೊಡುವ ಆಮ್ಲ) ದ್ರಾವಣ ಹಚ್ಚಿ, ಪೂರ್ತಿ ಒಂದು ನಿಮಿಷ ಕಾದು, ಒಳ್ಳೆಯ ಬೆಳಕಿನಲ್ಲಿ ನೋಡುತ್ತಾರೆ. ಬದಲಾದ ಜೀವಕೋಶಗಳಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ ಆ ಜಾಗ ಅಂಚು ಸ್ಪಷ್ಟವಾಗಿರುವ ಗಟ್ಟಿ ಬಿಳಿ ಮಚ್ಚೆಯಾಗಿ ಕಾಣುತ್ತದೆ. ತಪ್ಪಾಗುವುದು ಸಣ್ಣ ಸಂಗತಿಗಳಲ್ಲೇ. ಇಪ್ಪತ್ತು ಸೆಕೆಂಡಿಗೇ ನೋಡಿಬಿಡುವುದು, ಬೆಳಕು ಮಂದವಾಗಿರುವುದು, ಹಳೆಯ ದ್ರಾವಣ ಬಳಸುವುದು, ಸೋಂಕಿನ ಕೆಂಪನ್ನೂ ತೆಳು ಬಿಳುಪನ್ನೂ ಮಚ್ಚೆಯೆಂದು ಬರೆಯುವುದು. ಗಟ್ಟಿ ಅಸಿಟಿಕ್ ಆಮ್ಲದಿಂದ ತಯಾರಿಸುವುದಾದರೆ 5 ಮಿ.ಲೀ. ಆಮ್ಲವನ್ನು 95 ಮಿ.ಲೀ. ಶುದ್ಧೀಕರಿಸಿದ ನೀರಿಗೆ ಸೇರಿಸಬೇಕು. ನೀರು ಬೆರೆಸದ ಆಮ್ಲ ಒಳಚರ್ಮವನ್ನು ಸುಡುತ್ತದೆ, ಹಾಗಾಗಿ ಬಾಟಲಿಯ ಮೇಲೆ ಪ್ರಮಾಣವನ್ನೂ ತಯಾರಿಸಿದ ದಿನವನ್ನೂ ಬರೆದಿಡಲೇಬೇಕು. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಗೆ ಸರಿದಿರುತ್ತದೆ. ಅಂಥವರಿಗೆ ಈ ಪರೀಕ್ಷೆ ಅಷ್ಟು ಒಪ್ಪುವುದಿಲ್ಲ.

ನಂಬಿಕೆಯ ಮಾತಿಗೆ ಬಂದರೆ, ಪುರಾವೆ ನಮ್ಮ ದೇಶದ್ದೇ ಇದೆ. ಮುಂಬೈ ಕೊಳೆಗೇರಿಗಳ 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡು ಟಾಟಾ ಸ್ಮಾರಕ ಆಸ್ಪತ್ರೆ ನಡೆಸಿದ ಅಧ್ಯಯನದಲ್ಲಿ ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು ಈ ಪರೀಕ್ಷೆ ಮಾಡಿದರು. ಮಾಡಿದವರು ವೈದ್ಯರಲ್ಲ, ನಾಲ್ಕು ವಾರ ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ಈ ಕ್ಯಾನ್ಸರಿನಿಂದಾಗುವ ಸಾವು ಶೇ. 31ರಷ್ಟು ಇಳಿಯಿತು. ತಮಿಳುನಾಡಿನ ದಿಂಡಿಗಲ್‌ನಲ್ಲಿ ಇಳಿಕೆ ಶೇ. 35. ಅಲ್ಲಿ ಮಚ್ಚೆ ಕಂಡವರಿಗೆ ಅದೇ ಭೇಟಿಯಲ್ಲಿ ನರ್ಸ್‌ಗಳೇ ಕೋಲ್ಪೊಸ್ಕೋಪಿ (ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವುದು) ಮಾಡಿ, ಬೇಕಿದ್ದವರಿಗೆ ಅತಿ ಶೀತದಿಂದ ಆ ಜಾಗವನ್ನು ನಾಶಮಾಡುವ ಚಿಕಿತ್ಸೆಯನ್ನೂ ಕೊಟ್ಟರು.

ನಿಮ್ಮಲ್ಲಿ ನೋಡಬೇಕಾದದ್ದೂ ಇದೇ. ‘ಮುಂದಿನ ವಾರ ಜಿಲ್ಲಾ ಆಸ್ಪತ್ರೆಗೆ ಹೋಗಿ’ ಎಂದಾಗ ಕೂಲಿ ಬಿಡಬೇಕು, ಬಸ್ ಚಾರ್ಜ್ ಬೇಕು, ಮನೆಯವರ ಒಪ್ಪಿಗೆ ಬೇಕು. ಬಹಳ ಮಂದಿ ಕೈತಪ್ಪುವುದು ಅಲ್ಲೇ. ಶಿಬಿರಕ್ಕೆ ಮೊದಲೇ ಯಾವ ಆಸ್ಪತ್ರೆ, ಯಾವ ವಾರ, ಜೊತೆಗೆ ಯಾರು ಎಂಬುದು ನಿಗದಿಯಾಗಿರಲಿ. ಎಷ್ಟು ಮಂದಿಗೆ ಪರೀಕ್ಷೆಯಾಯಿತು ಎಂಬುದಕ್ಕಿಂತ, ಮಚ್ಚೆ ಕಂಡವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಮುಗಿಯಿತು ಎಂದು ರಿಜಿಸ್ಟರಿನಲ್ಲಿ ಬರೆಯಿರಿ. ಚಿಕಿತ್ಸೆಯ ದಾರಿ ಇಲ್ಲದೆ ತಪಾಸಣೆ ನಡೆಸುವುದು ಅನ್ಯಾಯ.

ಪ್ರಶ್ನೆ: ಹಾಗಾದರೆ ಎಚ್‌ಪಿವಿ ಪರೀಕ್ಷೆ ಏಕೆ? (ಬೀದರ್)

ಉತ್ತರ: ಎಚ್‌ಪಿವಿ ಎಂದರೆ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ವೈರಸ್. ನಿಮ್ಮ ನೆರೆಯ ಜಿಲ್ಲೆಯೇ ಇದಕ್ಕೆ ಉತ್ತರ ಕೊಟ್ಟಿದೆ. ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ (ಈಗ ಧಾರಾಶಿವ) ಹಳ್ಳಿಗಳನ್ನು 52 ಗುಂಪು ಮಾಡಿ, 30ರಿಂದ 59 ವರ್ಷದ 1.31 ಲಕ್ಷ ಹೆಂಗಸರನ್ನು ಎಂಟು ವರ್ಷ ಗಮನಿಸಿದರು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ 34 ಸಾವು, ತಪಾಸಣೆ ಇಲ್ಲದ ಗುಂಪಿನಲ್ಲಿ 64. ವಿನೆಗರ್ ಪರೀಕ್ಷೆಯ ಗುಂಪಿನಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. ಅದು ನೋಡುವವರ ಕಣ್ಣನ್ನೇ ನಂಬಿದೆ. ಎಚ್‌ಪಿವಿ ಪರೀಕ್ಷೆ ವೈರಸ್ಸನ್ನೇ ಹುಡುಕುತ್ತದೆ. ಮಾದರಿಯನ್ನು ಹೆಂಗಸು ತಾನೇ ಮರೆಯಲ್ಲಿ ತೆಗೆದುಕೊಡಬಹುದು. ನಾಚಿಕೆಯಿಂದ ದೂರ ಉಳಿದವರನ್ನು ತಲುಪಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಫಲಿತಾಂಶ ಪಾಸಿಟಿವ್ ಬಂದರೆ ಅದೇ ಕ್ಯಾನ್ಸರ್ ಅಲ್ಲ. ಹೆಚ್ಚಿನ ಸೋಂಕು ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಇದನ್ನು ಮಾದರಿ ತೆಗೆಯುವ ಮುನ್ನವೇ ಹೇಳಬೇಕು. ಎಚ್‌ಪಿವಿ ಸೌಲಭ್ಯ ಬರಲಿ ಎಂದು ಕಾಯುತ್ತ, ಈಗ ಕೈಯಲ್ಲಿರುವ ವಿನೆಗರ್ ಪರೀಕ್ಷೆಯನ್ನು ಮಾತ್ರ ಬಿಡಬೇಡಿ.

ಪ್ರಶ್ನೆ: ಆ ‘ತಪಾಸಣೆ ಇಲ್ಲದ ಗುಂಪಿ’ನ ಹೆಂಗಸರನ್ನು ಹಾಗೇ ಬಿಟ್ಟದ್ದು ಸರಿಯೇ? (ಮೈಸೂರು)

ಉತ್ತರ: ಇದು ದೊಡ್ಡ ವಿವಾದವೇ ಆಗಿತ್ತು. ಆ ಊರುಗಳಲ್ಲಿ ಆಗ ತಪಾಸಣೆಯೇ ಇರಲಿಲ್ಲ, ಆದ್ದರಿಂದ ಯಾರಿಂದಲೂ ಏನೂ ಕಿತ್ತುಕೊಂಡಂತಾಗಲಿಲ್ಲ ಎಂಬುದು ಸಂಶೋಧಕರ ವಾದ. ಗರ್ಭಕಂಠದ ಜೀವಕೋಶಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆಯ ಉಪಯೋಗ ಆಗಲೇ ಗೊತ್ತಿತ್ತು ಎಂಬುದು ಟೀಕಾಕಾರರ ವಾದ. ನಮಗೆ ಟೀಕೆಯೇ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಇಂದು ನಿಮ್ಮೂರಿಗೆ ಇಂಥ ಅಧ್ಯಯನ ಬಂದರೆ ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಪತ್ರ ಕೇಳಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ. ‘ನೀವು ಯಾವ ಗುಂಪು, ನಿಮಗೆ ಏನು ಸಿಗುವುದಿಲ್ಲ’ ಎಂಬುದು ಅದರಲ್ಲಿರಬೇಕು.

ಪ್ರಶ್ನೆ: ಸಂಭೋಗದ ನಂತರ ರಕ್ತ ಕಾಣಿಸುತ್ತದೆ. ಶಿಬಿರ ಬರುವವರೆಗೆ ಕಾಯಬಹುದೇ? (ಊರು ಬೇಡ)

ಉತ್ತರ: ಬೇಡ. ತಪಾಸಣಾ ಶಿಬಿರ ಇರುವುದು ತೊಂದರೆ ಇಲ್ಲದವರಿಗೆ. ಸಂಭೋಗದ ನಂತರವಾಗಲಿ, ಮುಟ್ಟು ನಿಂತ ಮೇಲಾಗಲಿ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಹೋಗುತ್ತಲೇ ಇದ್ದರೆ, ಇದೇ ವಾರ ಸ್ತ್ರೀರೋಗ ತಜ್ಞರಿರುವ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸೋಂಕಿನಂಥ ಬೇರೆ ಕಾರಣಗಳೂ ಇರುತ್ತವೆ, ಆದರೆ ಅದನ್ನು ನೋಡಿಯೇ ಹೇಳಬೇಕು. ಹಿಂದೆ ಮಾಡಿಸಿದ ವಿನೆಗರ್ ಪರೀಕ್ಷೆ ನಾರ್ಮಲ್ ಇತ್ತೆಂದು ತಡಮಾಡಬೇಡಿ.